ಚರಂಡಿ ನೀರು ಕಾಯಿಸಿದ ಹಾಲಲ್ಲ

ಕಳೆದ ಸಂಚಿಕೆಯಲ್ಲಿ ಕೊಳಚೆ ನೀರಿನ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಸುತ್ತ ಇದ್ದವು. ಕೊಳೆ ತಿನ್ನುವ ಹಾಗೆ ಜೀನ್ ತಿದ್ದಿದ ಬ್ಯಾಕ್ಟೀರಿಯಾ ಬಂದಿದೆಯಂತೆ, ನಿಜವಾ? 29 ವರ್ಷ ನಾನು ಕೊಳಚೆ ನೀರು ಶುದ್ಧೀಕರಿಸುವ ಘಟಕಗಳ ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿದ್ದೆ. ಬೆಳಿಗ್ಗೆ ಮೊದಲ ಕೆಲಸವೇ ಟ್ಯಾಂಕಿನ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಹನಿಯ ಬಗ್ಗೆಯೇ.

ಮೇಡಂ, ನಮ್ಮದು 140 ಮನೆಗಳ ಅಪಾರ್ಟ್‌ಮೆಂಟ್. ಎರಡು ತಿಂಗಳಿಂದ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ವಾಸನೆ ತಡೆಯೋಕಾಗ್ತಿಲ್ಲ. ಒಬ್ಬರು ಬಂದು, ಜೀನ್ ತಿದ್ದಿದ ಬ್ಯಾಕ್ಟೀರಿಯಾದ ಪುಡಿ ಕೊಡ್ತೀವಿ, ತಿಂಗಳಿಗೆ 28 ಸಾವಿರ ಆಗುತ್ತೆ, ಹದಿನೈದು ದಿನದಲ್ಲಿ ಎಲ್ಲ ಸರಿಹೋಗುತ್ತೆ ಅಂತಿದ್ದಾರೆ. ಕಮಿಟಿಯಲ್ಲಿ ಅರ್ಧ ಜನ ಒಪ್ಪಿದ್ದಾರೆ. ತಗೊಳ್ಳಬಹುದಾ?
— ಸಂಘದ ಖಜಾಂಚಿ, ಸರ್ಜಾಪುರ ರಸ್ತೆ, ಬೆಂಗಳೂರು

ದುಡ್ಡು ಕೊಡಬೇಡಿ. ಮೊದಲು ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ನೋಡಿ.

ಪುಡಿಯ ವಿಷಯ ಹೇಳಿಬಿಡುತ್ತೇನೆ. ಜೀನ್ ತಿದ್ದಿದ ಸೂಕ್ಷ್ಮಜೀವಿಯನ್ನು ನಮ್ಮ ದೇಶದಲ್ಲಿ ಸುಮ್ನೆ ಹೊರಗೆ ಬಿಡುವ ಹಾಗಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ 1989ರಲ್ಲಿ ಅದಕ್ಕೆಂದೇ ನಿಯಮಗಳು ಬಂದಿವೆ. ಜೀನ್ ತಿದ್ದಿದ ಜೀವಿಗಳನ್ನು ಪರಿಶೀಲಿಸುವ, ಕೇಂದ್ರ ಪರಿಸರ ಸಚಿವಾಲಯದ ಜಿಇಎಸಿ ಸಮಿತಿ ಒಪ್ಪಬೇಕು. ಆ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳಿ. ಇಂಥ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ಯಾಸಿಲಸ್ ಗುಂಪಿನ ಮಾಮೂಲಿ ಬ್ಯಾಕ್ಟೀರಿಯಾ. ಒಣಗಿಸಿದರೂ ಬೀಜದ ಹಾಗೆ ಜೀವ ಹಿಡಿದುಕೊಂಡಿರುತ್ತದೆ, ಹಾಗಾಗಿ ಪುಡಿ ಮಾಡಿ ಮಾರಲು ಅನುಕೂಲ. ಅದು ಮಣ್ಣಿನಲ್ಲಿದೆ, ಸಗಣಿಯಲ್ಲಿದೆ, ನಿಮ್ಮ ಟ್ಯಾಂಕಿನಲ್ಲೂ ಇದೆ.

ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಿಗ್ಗೆಗೆ ಮೊಸರಾಗುತ್ತದೆ. ಯಾಕೆ? ಕಾಯಿಸಿದಾಗ ಅಲ್ಲಿದ್ದ ಬ್ಯಾಕ್ಟೀರಿಯಾ ಬಹುಪಾಲು ಹೋಗಿವೆ. ಮನೆ ಖಾಲಿ. ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಎದುರಾಳಿಯೇ ಇಲ್ಲ. ಚರಂಡಿ ನೀರು ಕಾಯಿಸಿದ ಹಾಲಲ್ಲ. ನಿಮ್ಮ ಏರೇಶನ್ ಟ್ಯಾಂಕಿನ, ಅಂದರೆ ಗಾಳಿ ಊದುವ ಟ್ಯಾಂಕಿನ, ಒಂದು ಚಮಚ ಕಂದು ನೀರಿನಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅವು ಆ ಟ್ಯಾಂಕಿನ ಸೋಪು, ಎಣ್ಣೆ, ಬಿಸಿ, ಚಳಿ ಎಲ್ಲಕ್ಕೂ ಹೊಂದಿಕೊಂಡಿವೆ. ಅಲ್ಲಿಗೆ ಹೊಸದಾಗಿ ಬಿದ್ದ ಬ್ಯಾಕ್ಟೀರಿಯಾದ ಪಾಡು, ತುಂಬಿದ ಸಂತೆಗೆ ಮಧ್ಯಾಹ್ನ ಬಂದು ಅಂಗಡಿ ಹಾಕಲು ಜಾಗ ಹುಡುಕಿದ ಹಾಗೆ. ಇನ್ನೊಂದು ಕಷ್ಟವೂ ಇದೆ. ಆ ನೀರಿನಲ್ಲಿ ಬ್ಯಾಕ್ಟೀರಿಯಾವನ್ನೇ ತಿನ್ನುವ ಜೀವಿಗಳಿವೆ. ವೋರ್ಟಿಸೆಲ್ಲಾ ಅಂತ ಒಂದಿದೆ. ಉದ್ದ ದಾರಕ್ಕೆ ಕಟ್ಟಿದ ಪುಟ್ಟ ಗಂಟೆಯ ಹಾಗೆ ಕಾಣುತ್ತದೆ. ಬಾಯಿಯ ಸುತ್ತ ಕೂದಲಿನಂಥ ಎಳೆಗಳು ಸುತ್ತುತ್ತಾ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಗಾಜನ್ನು ಬೆರಳಿಂದ ತಟ್ಟಿದರೆ ದಾರ ಸ್ಪ್ರಿಂಗ್ ಹಾಗೆ ಸುರುಳಿಯಾಗಿ, ಗಂಟೆ ಸರಕ್ಕನೆ ಕೆಳಗೆ ಇಳಿಯುತ್ತದೆ. ಮತ್ತೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಸಾವಿರ ಸಲ ನೋಡಿದ್ದೇನೆ, ಇವತ್ತಿಗೂ ಬೇಸರ ಬಂದಿಲ್ಲ. ಒಂಟಿಯಾಗಿ ತೇಲುವ ಹೊಸಬರನ್ನು ಅದು ಮೊದಲು ನುಂಗುತ್ತದೆ. ಹಳಬರು ಗುಂಪುಗೂಡಿ ಅಂಟಿಕೊಂಡಿರುತ್ತಾರೆ, ಉಳಿಯುತ್ತಾರೆ.

ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದಾಗ ನಮ್ಮ ಘಟಕದ ಟ್ಯಾಂಕಿನಲ್ಲಿ ನೊರೆ ಬಂದಿತ್ತು. ಒಂದು ಕಂಪನಿಯಿಂದ ಪುಡಿ ತರಿಸಿದೆವು. ಮೂರು ವಾರ ದಿನಾ ಒಂದೊಂದು ಬಕೆಟ್ ಕಲಸಿ ಸುರಿದೆವು. ನೊರೆ ಅಲ್ಲಾಡಲಿಲ್ಲ. ಆಗ ನಮ್ಮ ಹಿರಿಯ ಆಪರೇಟರ್ ಒಬ್ಬರು ಟ್ಯಾಂಕಿನ ದಂಡೆ ಮೇಲೆ ನಿಂತು, "ಅಮ್ಮಾ, ಗುಳ್ಳೆ ನೋಡಿ" ಅಂದರು. ಗುಳ್ಳೆ ಇಡೀ ಟ್ಯಾಂಕಿನಲ್ಲಿ ಅಕ್ಕಿ ಕಾಳಿನಷ್ಟು ಸಣ್ಣಗೆ ಏಳಬೇಕು. ನಮ್ಮಲ್ಲಿ ಎರಡೇ ಕಡೆ ಸಾರು ಕುದಿದ ಹಾಗೆ ಬುಳುಬುಳು ಎನ್ನುತ್ತಿತ್ತು. ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಡಿಫ್ಯೂಸರ್‌ಗಳು ಕಟ್ಟಿಕೊಂಡಿದ್ದವು. ತೆಗೆದು ತೊಳೆದು ಹಾಕಿದ ಮೇಲೆ ಹತ್ತೇ ದಿನಕ್ಕೆ ಟ್ಯಾಂಕು ಹದಕ್ಕೆ ಬಂತು. ಬ್ಯಾಕ್ಟೀರಿಯಾ ಕಡಿಮೆ ಇರಲಿಲ್ಲ, ಉಸಿರುಗಟ್ಟಿದ್ದವು.

ನಿಮ್ಮ ಲೆಕ್ಕ ನೋಡೋಣ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ. ಸುಮಾರು 60 ಸಾವಿರ ಲೀಟರ್ ಆಯಿತು. ಇಷ್ಟು ನೀರಿಗೆ ಗಾಳಿ ಹಗಲೂ ರಾತ್ರಿ ಹೋಗಬೇಕು. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆಫ್ ಮಾಡುತ್ತಿದ್ದೀರಾ? ತುಂಬಾ ಅಪಾರ್ಟ್‌ಮೆಂಟ್‌ಗಳಲ್ಲಿ ವಾಸನೆಯ ಮೂಲ ಅದೇ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆದರೂ ಇರಲಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಒಂದು ಲೀಟರಿನ ಅಳತೆ ಜಾರ್‌ಗೆ ಏರೇಶನ್ ಟ್ಯಾಂಕಿನ ನೀರು ತುಂಬಿ ನೆರಳಿನಲ್ಲಿ ಇಡಿ. ಅಲ್ಲಾಡಿಸಬೇಡಿ. ಐದು ನಿಮಿಷದಲ್ಲಿ ಕೆಸರು ಹಾಲು ಒಡೆದ ಹಾಗೆ ಚೂರುಚೂರಾಗಿ ಕೂಡಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ. ಕೆಸರು 300 ಮಿಲಿಲೀಟರ್ ಗೆರೆಯ ಆಸುಪಾಸು ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಆರೋಗ್ಯವಾಗಿದೆ. 50ಕ್ಕೇ ನಿಂತರೆ ಬ್ಯಾಕ್ಟೀರಿಯಾ ಸಾಲದು. ಆಗ ಚೆನ್ನಾಗಿ ನಡೆಯುತ್ತಿರುವ ಬೇರೆ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಸ್ಲಡ್ಜ್, ಅಂದರೆ ಈ ಕೆಸರು, ತರಿಸಿ ಹಾಕಿ. ನಿಜವಾದ ಹೆಪ್ಪು ಅದು. 800ರಲ್ಲೇ ನಿಂತರೆ ಸ್ಲಡ್ಜ್ ಜಾಸ್ತಿಯಾಗಿದೆ, ಇಲ್ಲವೇ ದಾರದಂಥ ಬ್ಯಾಕ್ಟೀರಿಯಾ ಬೆಳೆದಿದೆ. ಬಣ್ಣ ಚಾಕೊಲೇಟಿನ ಹಾಗಿರಬೇಕು. ವಾಸನೆ ಮೊದಲ ಮಳೆಗೆ ನೆಂದ ಮಣ್ಣಿನ ಹಾಗಿರಬೇಕು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು ಅಂತಲೇ ಅರ್ಥ.

ಈ ಹೆಪ್ಪಿನ ಉಪಾಯ ಹಳೆಯದು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಕೊಳಚೆ ನೀರಿಗೆ ಗಾಳಿ ಊದಿ ನೋಡಿದರು. ಪೂರ್ತಿ ಶುದ್ಧವಾಗಲು ಐದು ವಾರ ಹಿಡಿಯಿತು. ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಮತ್ತೆ ಹೊಸ ಕೊಳಚೆಗೆ ಬೆರೆಸಿದರು. ಹಾಗೇ ಮಾಡುತ್ತಾ ಹೋದ ಹಾಗೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ನಿಮ್ಮ ಎಸ್‌ಟಿಪಿ ಇವತ್ತು ಮಾಡುತ್ತಿರುವುದೂ ಅದನ್ನೇ.

ಒಂದು ಮಾತು, ಇದನ್ನು ದಯವಿಟ್ಟು ಕಮಿಟಿಯಲ್ಲಿ ಓದಿ. ಡಿಫ್ಯೂಸರ್ ತೊಳೆಯಬೇಕು ಅಂತ ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ. ಕೊಳೆತ ಮೊಟ್ಟೆ ವಾಸನೆಯ ಆ ಗಾಳಿ ಹೈಡ್ರೋಜನ್ ಸಲ್ಫೈಡ್. ಜಾಸ್ತಿಯಾದಾಗ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಪುಡಿಗೆ ಕೊಡುವ ದುಡ್ಡನ್ನು ಡಿಫ್ಯೂಸರನ್ನು ಮೇಲಿಂದಲೇ ಎತ್ತುವ ವ್ಯವಸ್ಥೆಗೆ ಹಾಕಿ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಾಡಿದ ಚಕ್ರವರ್ತಿಯವರ ಬಗ್ಗೆ ನಮ್ಮ ಪಠ್ಯದಲ್ಲಿದೆ. ಅದನ್ನು ಈಗ ಎಲ್ಲಿ ಬಳಸುತ್ತಿದ್ದಾರೆ?
— ಬಿ.ಎಸ್ಸಿ ವಿದ್ಯಾರ್ಥಿನಿ, ಧಾರವಾಡ

ಎಲ್ಲೂ ಇಲ್ಲಮ್ಮ. ಅದನ್ನು ಸಮುದ್ರಕ್ಕೆ ಬಿಡಲೇ ಇಲ್ಲ.

ಆನಂದ ಮೋಹನ ಚಕ್ರವರ್ತಿ ಪಶ್ಚಿಮ ಬಂಗಾಳದ ಸೈಂಥಿಯಾದವರು. 1970ರ ದಶಕದ ಶುರುವಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದರು. ಬ್ಯಾಕ್ಟೀರಿಯಾದ ಒಳಗೆ ಮುಖ್ಯ ಡಿಎನ್‌ಎ ಅಲ್ಲದೆ ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಗಳೂ ಇರುತ್ತವೆ. ಅದನ್ನು ಬಳೆ ಅಂದುಕೋ. ಒಂದು ಬಳೆಯಲ್ಲಿ ಪೆಟ್ರೋಲಿನ ಆಕ್ಟೇನ್ ಅರಗಿಸುವ ವಿದ್ಯೆ, ಇನ್ನೊಂದರಲ್ಲಿ ಕರ್ಪೂರ, ಮತ್ತೊಂದರಲ್ಲಿ ನುಸಿಗುಳಿಗೆಯ ನ್ಯಾಫ್ತಲೀನ್. ಸ್ಯೂಡೋಮೊನಾಸ್ ಎಂಬ ಗುಂಪಿನ ಬೇರೆ ಬೇರೆ ಬ್ಯಾಕ್ಟೀರಿಯಾಗಳ ಬಳೆಗಳನ್ನು ಅವರು ಒಂದೇ ಬ್ಯಾಕ್ಟೀರಿಯಾಕ್ಕೆ ತೊಡಿಸಿದರು. ಕತ್ತರಿಸಿ ಅಂಟಿಸುವ ಈಗಿನ ಜೀನ್ ತಂತ್ರವನ್ನು ಅವರು ಬಳಸಲಿಲ್ಲ. ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲೇ ಬಳೆ ದಾಟಿಸಿಕೊಳ್ಳುತ್ತವೆ, ಆ ಸಹಜ ದಾರಿಯನ್ನೇ ಹಿಡಿದರು. ಪೇಟೆಂಟ್ ಕೇಳಿದಾಗ ಜೀವಿಗೆ ಪೇಟೆಂಟ್ ಇಲ್ಲ ಅಂತ ಪೇಟೆಂಟ್ ಕಚೇರಿಯವರು ಅಂದರು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಜೂನ್ 16ರಂದು ಐದು ನ್ಯಾಯಮೂರ್ತಿಗಳು ಚಕ್ರವರ್ತಿಯವರ ಕಡೆ, ನಾಲ್ವರು ವಿರುದ್ಧ. ಗೆದ್ದರು.

ಕೋರ್ಟಿನಲ್ಲಿ ಗೆದ್ದ ಬ್ಯಾಕ್ಟೀರಿಯಾ ಹೊರಗಿನ ನೀರಿಗೆ ಯಾಕೆ ಹೋಗಲಿಲ್ಲ? ಜನರ ಭಯ, ಸರ್ಕಾರದ ನಿಯಮ ಅಂತ ಪುಸ್ತಕಗಳು ಹೇಳುತ್ತವೆ. ಸರಿಯೇ. ಆದರೆ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬಳೆಯ ಭಾರ. ಪ್ರತಿ ಸಲ ಎರಡಾಗುವಾಗ ಆ ಬಳೆಯನ್ನೂ ನಕಲು ಮಾಡಬೇಕು, ಅದರ ಕಿಣ್ವಗಳನ್ನೂ ತಯಾರಿಸಬೇಕು. ಅದಕ್ಕೆ ಶಕ್ತಿ ಖರ್ಚು. ಪಕ್ಕದಲ್ಲಿ ಬಳೆಯಿಲ್ಲದವನು ಹಗುರವಾಗಿ ಬೇಗ ಬೆಳೆಯುತ್ತಾನೆ. ಬಳೆ ಕಳಚಿಕೊಂಡವರೂ ಮುಂದೆ ಹೋಗುತ್ತಾರೆ. ಸುಲಭವಾದ ಸಕ್ಕರೆ ಸಿಕ್ಕರೆ ಎಣ್ಣೆಯ ಗೊಡವೆ ಯಾರಿಗೆ ಬೇಕು? 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾ ತೀರದಲ್ಲಿ ಎಣ್ಣೆ ಚೆಲ್ಲಿದಾಗ ದಡಕ್ಕೆ ಹಾಕಿದ್ದು ಗೊಬ್ಬರ, ಸಾರಜನಕ ಮತ್ತು ರಂಜಕ. ಅಲ್ಲೇ ಇದ್ದ ಬ್ಯಾಕ್ಟೀರಿಯಾಕ್ಕೆ ಆ ಎರಡರ ಕೊರತೆ ಇತ್ತು, ಅಷ್ಟೇ.

ಹಾಗಂತ ಈ ವಿದ್ಯೆ ದಂಡ ಅಂದುಕೊಳ್ಳಬೇಡ. 1996ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ತಿದ್ದಿದ ಸ್ಯೂಡೋಮೊನಾಸನ್ನು ಮಣ್ಣು ತುಂಬಿದ ದೊಡ್ಡ ಪೀಪಾಯಿಗಳಿಗೆ ಬಿಟ್ಟರು. ನ್ಯಾಫ್ತಲೀನ್ ಸಿಕ್ಕಾಗ ಮಿಂಚುಹುಳದ ಹಾಗೆ ಬೆಳಗುವಂತೆ ಅದಕ್ಕೆ ಜೀನ್ ಸೇರಿಸಿದ್ದರು. ಕೊಳೆ ಎಲ್ಲಿದೆ ಅಂತ ಅದೇ ತೋರಿಸಬೇಕು! ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರ ಯೋಚನೆ ನನಗೆ ಇನ್ನೂ ಇಷ್ಟ. ಹೊಸ ಬ್ಯಾಕ್ಟೀರಿಯಾ ತರುವ ಬದಲು, ಕೊಳಚೆ ನೀರಿನಿಂದ ತೆಗೆದ ಬ್ಯಾಕ್ಟೀರಿಯಾಗಳಿಗೇ ಪ್ಲಾಸ್ಟಿಕ್ ಬಾಟಲಿಯ ಪಿಇಟಿ ಒಡೆಯುವ ಬಳೆಯನ್ನು ದಾಟಿಸಿದರು. ಲ್ಯಾಬ್‌ನಲ್ಲಿ ಅವು ಪ್ಲಾಸ್ಟಿಕ್ ಒಡೆದವು. ಊರಿನವರಿಗೇ ವಿದ್ಯೆ ಕಲಿಸುವುದು ಅಲ್ವಾ ಇದು? ನೀನು ಎಂ.ಎಸ್ಸಿ ಮಾಡುವುದಾದರೆ ಈ ದಾರಿಯನ್ನು ಓದು.

ಅಕ್ಕಾರ, ನಮ್ಮದು ಸೀರಿ ನೂಲಿಗೆ ಬಣ್ಣ ಹಾಕೋ ಮನಿ. ತೊಳೆದ ನೀರು ಕೆಂಪಗ ಗಟಾರಕ್ಕ ಹೋಗ್ತದ. ಬಣ್ಣ ತಿನ್ನೋ ಬ್ಯಾಕ್ಟೀರಿಯಾ ಸಿಗ್ತಾವೇನ್ರಿ?
— ಇಳಕಲ್‌ನಿಂದ ಒಬ್ಬರು

ಸಿಗುತ್ತವೆ ಅಣ್ಣಾ, ನಿಮ್ಮ ಗಟಾರದ ಕೆಸರಿನಲ್ಲೇ ಇವೆ. ಆದರೆ ಒಂದು ಮೋಸ ಇದೆ, ಕೇಳಿ.

ಇವತ್ತು ಬಳಸುವ ಬಣ್ಣಗಳಲ್ಲಿ ದೊಡ್ಡ ಪಾಲು ಅಜೋ ಬಣ್ಣಗಳು. ಎರಡು ಸಾರಜನಕ ಪರಮಾಣುಗಳು ಕೈಕೈ ಹಿಡಿದು ನಿಂತಿರುತ್ತವೆ, ಕೆಂಪು, ಹಳದಿ ಕಾಣುವುದು ಆ ಹಿಡಿತದಿಂದ. ಗಾಳಿ ಇಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾ ಅಜೋರಿಡಕ್ಟೇಸ್ ಎಂಬ ಕಿಣ್ವದಿಂದ ಆ ಕೈ ಬಿಡಿಸುತ್ತವೆ. ಬಣ್ಣ ಹೋಗುತ್ತದೆ. ನೀರು ತಿಳಿಯಾಗುತ್ತದೆ. ನೋಡಿದವರು ಶುದ್ಧವಾಯಿತು ಅಂದುಕೊಳ್ಳುತ್ತಾರೆ. ಆದರೆ ಒಡೆದ ತುಂಡುಗಳು ಅಮೀನ್‌ಗಳು. ಕೆಲವು ಕ್ಯಾನ್ಸರ್ ತರುವಂಥವು. ಕಣ್ಣಿಗೆ ಕಾಣುವ ಕೆಂಪು ನೀರಿಗಿಂತ ಬಣ್ಣ ಕಾಣದ ಈ ನೀರು ಕೆಟ್ಟದ್ದಿರಬಹುದು. ಅದನ್ನು ಒಡೆಯಲು ಮತ್ತೆ ಗಾಳಿ ಬೇಕು, ಬೇರೆ ಬ್ಯಾಕ್ಟೀರಿಯಾ ಬೇಕು. ಅಂದರೆ ಮೊದಲು ಮುಚ್ಚಿದ ಟ್ಯಾಂಕು, ಆಮೇಲೆ ಗಾಳಿ ಊದುವ ಟ್ಯಾಂಕು. ಒಂದರಲ್ಲಿ ಆಗುವ ಕೆಲಸ ಅಲ್ಲ.

ಅಜೋರಿಡಕ್ಟೇಸ್ ಜೀನನ್ನು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೆ ಹಾಕಿ ಲ್ಯಾಬ್‌ನಲ್ಲಿ ಬೇಗ ಬಣ್ಣ ತೆಗೆದಿದ್ದಾರೆ. ಆದರೆ ಬಣ್ಣದ ಬಾನೆಯಲ್ಲಿ ಉಪ್ಪು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಆ ಉಪ್ಪಿಗೆ ಮಾಮೂಲಿ ಬ್ಯಾಕ್ಟೀರಿಯಾ ಸೊರಗುತ್ತದೆ. ಇಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. 2025ರಲ್ಲಿ ಚೀನಾದ ವಿಜ್ಞಾನಿಗಳು ವಿಬ್ರಿಯೊ ನ್ಯಾಟ್ರಿಜೆನ್ಸ್ ಎಂಬ ಬ್ಯಾಕ್ಟೀರಿಯಾವನ್ನು ತಿದ್ದಿದರು. ಅದು ಉಪ್ಪು ನೀರಿನ ಕೆಸರಿನದ್ದು. ಹತ್ತು ನಿಮಿಷದೊಳಗೆ ಒಂದು ಎರಡಾಗುವಷ್ಟು ಚುರುಕು. ಫೀನಾಲ್, ಟಾಲ್ವೀನ್, ನ್ಯಾಫ್ತಲೀನ್ ಸೇರಿ ಐದು ವಿಷಗಳನ್ನು ಒಡೆಯುವ ಜೀನ್‌ಗಳನ್ನು ಅದೊಂದಕ್ಕೇ ಕೊಟ್ಟರು. ಬಣ್ಣಕ್ಕೆ ಅಲ್ಲ, ಆದರೆ ಉಪ್ಪಿನಲ್ಲಿ ದುಡಿಯುವವನು ಸಿಕ್ಕಿದ್ದಾನೆ. ನಿಮ್ಮ ಮನೆಯಂಗಳಕ್ಕೆ ಬರಲು ಕಾಲ ಬೇಕು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಬಾನೆಯ ಗಟ್ಟಿ ಬಣ್ಣದ ನೀರನ್ನೂ ಆಮೇಲೆ ನೂಲು ಜಾಲಿಸುವ ನೀರನ್ನೂ ಬೇರೆ ಬೇರೆ ಹಿಡಿಯಿರಿ. ಗಟ್ಟಿ ನೀರು ಸ್ವಲ್ಪವೇ ಇರುತ್ತದೆ, ಅದನ್ನು ತಳಕ್ಕೆ ಶೀಟು ಹಾಸಿದ ಗುಂಡಿಯಲ್ಲಿ ಬಿಸಿಲಿಗೆ ಒಣಗಿಸಬಹುದು. ಉಳಿದ ಕೆಸರನ್ನು ಅಪಾಯದ ಕಸ ಅಂತ ಬೇರೆಯೇ ಒಪ್ಪಿಸಬೇಕು, ಹೊಲಕ್ಕೆ ಬೇಡ. ಜಾಲಿಸಿದ ನೀರಿಗೆ ಹತ್ತು ಮನೆ ಸೇರಿ ಎರಡು ಟ್ಯಾಂಕು ಕಟ್ಟಿಸಿ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ನಿಮ್ಮ ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ಕೆಂಪು ನನ್ನ ಮದುವೆ ಸೀರೆಯಲ್ಲೂ ಇದೆ. ಆ ಕೆಲಸಕ್ಕೆ ಹಾಗೆ ಬೀಗ ಬೀಳಬಾರದು.

ಬ್ಯಾಕ್ಟೀರಿಯಾ ಪಾದರಸವನ್ನೂ ತಿಂದು ಅರಗಿಸುತ್ತವೆಯೇ?
— ವಿಜ್ಞಾನ ಶಿಕ್ಷಕರು, ಹಾಸನ

ಲೋಹವನ್ನು ಯಾರೂ ಅರಗಿಸಲಾರರು ಸರ್. ಎಣ್ಣೆಯನ್ನು ಒಡೆದರೆ ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಪಾದರಸ ಪಾದರಸವಾಗಿಯೇ ಉಳಿಯುತ್ತದೆ. ರೂಪ ಬದಲಿಸಬಹುದು, ಇಲ್ಲವೇ ಹಿಡಿದಿಡಬಹುದು. 2000ದಲ್ಲಿ ಅಮೆರಿಕದಲ್ಲಿ, ವಿಕಿರಣಕ್ಕೆ ಜಗ್ಗದ ಡೀನೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇ. ಕೋಲಿಯ ಒಂದು ಜೀನ್ ಸೇರಿಸಿದರು. ಅದು ಕರಗಿದ ಪಾದರಸವನ್ನು ಆವಿಯಾಗುವ ಪಾದರಸವಾಗಿ ಬದಲಿಸಿತು. ಅಣುಬಾಂಬ್ ಕಾರ್ಖಾನೆಗಳ ವಿಕಿರಣ ಕೂಡಿದ ಕೊಳೆಗೆ ಅಂತ ಮಾಡಿದ್ದು. ಆ ಆವಿಯನ್ನು ಹಿಡಿಯದಿದ್ದರೆ ನೀರಿನ ವಿಷ ಗಾಳಿಗೆ ಹೋಯಿತು ಅಷ್ಟೇ. ಅದೇ ವರ್ಷ ಸ್ಪೇನಿನವರು ಲೋಹ ಹಿಡಿಯುವ, ಇಲಿಯ ಮೆಟಲೋಥಯೋನಿನ್ ಪ್ರೋಟೀನನ್ನು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಮೈಮೇಲೆ ಕೂರಿಸಿ ಕ್ಯಾಡ್ಮಿಯಂ ಅಂಟಿಕೊಳ್ಳುವಂತೆ ಮಾಡಿದರು. ಮಕ್ಕಳಿಗೆ ಹೇಳುವಾಗ ತಿನ್ನುವುದು ಅನ್ನುವ ಪದ ಬಿಟ್ಟು ಹಿಡಿಯುವುದು ಅನ್ನಿ.

ಅಮ್ಮಾ, ಬೆಂಗಳೂರಿನ ಕೆ.ಸಿ. ವ್ಯಾಲಿಯಲ್ಲಿ ಶುದ್ಧ ಮಾಡಿದ ಕೊಳಚೆ ನೀರು ನಮ್ಮ ಕೆರೆಗೆ ಬರುತ್ತಿದೆ. ಅದರಲ್ಲಿ ವಿಜ್ಞಾನಿಗಳು ಮಾಡಿದ ಹುಳ ಬಿಟ್ಟಿದ್ದಾರೆ ಅಂತ ಊರಲ್ಲಿ ಮಾತು. ಬೋರ್‌ವೆಲ್ ನೀರು ಕುಡಿಯಬಹುದಾ?
— ರೈತರು, ಕೋಲಾರ ತಾಲ್ಲೂಕು

ನಾನು ಕೆಲಸ ಮಾಡಿದ ಯಾವ ಘಟಕದಲ್ಲೂ ತಿದ್ದಿದ ಬ್ಯಾಕ್ಟೀರಿಯಾ ಹಾಕಿಲ್ಲಪ್ಪ. 2018ರಿಂದ ನಿಮ್ಮ ಕಡೆ ಹರಿಯುತ್ತಿರುವ ನೀರನ್ನು ಶುದ್ಧ ಮಾಡುವುದೂ ಮೇಲೆ ಹೇಳಿದ ಆ ಹೆಪ್ಪಿನ ಕೆಸರೇ. ಆ ಹುಳದ ಭಯ ಬಿಡಿ.

ನನ್ನ ಭಯ ಬೇರೆ. ಬ್ಯಾಕ್ಟೀರಿಯಾಗಳು ಬಳೆ ದಾಟಿಸಿಕೊಳ್ಳುತ್ತವೆ ಅಂದೆನಲ್ಲ, ಅದರಲ್ಲಿ ಔಷಧಕ್ಕೆ ಜಗ್ಗದ ವಿದ್ಯೆಯೂ ದಾಟುತ್ತದೆ. 2011ರಲ್ಲಿ ದೆಹಲಿಯ ನಲ್ಲಿ ನೀರಿನಲ್ಲಿ, ರಸ್ತೆ ಬದಿಯ ನೀರಿನಲ್ಲಿ ಎನ್‌ಡಿಎಂ-1 ಎಂಬ ಜೀನ್ ಸಿಕ್ಕಿತು. ಅದಿರುವ ಬ್ಯಾಕ್ಟೀರಿಯಾಕ್ಕೆ ಆಸ್ಪತ್ರೆಯ ಗಟ್ಟಿ ಆಂಟಿಬಯೋಟಿಕ್‌ಗಳೂ ನಾಟುವುದಿಲ್ಲ. ಯಾವ ಲ್ಯಾಬ್‌ನವರೂ ಅದನ್ನು ನೀರಿಗೆ ಬಿಟ್ಟಿರಲಿಲ್ಲ. ಅಗತ್ಯವಿಲ್ಲದೆ ಮಾತ್ರೆ ನುಂಗುವುದು, ಅರ್ಧಕ್ಕೆ ನಿಲ್ಲಿಸುವುದು, ಉಳಿದದ್ದನ್ನು ಚರಂಡಿಗೆ ಎಸೆಯುವುದು, ಕೋಳಿ ಫಾರಂಗಳಲ್ಲಿ ಸುರಿಯುವುದು, ಇದರಿಂದ ಬೆಳೆಯುತ್ತದೆ. ತಿದ್ದಿದ ಬ್ಯಾಕ್ಟೀರಿಯಾವನ್ನು ಹೊರಗೆ ಬಿಡಲು ವಿಜ್ಞಾನಿಗಳು ಹೆದರುವುದಕ್ಕೂ ಈ ಬಳೆ ದಾಟುವಿಕೆಯೇ ಒಂದು ಕಾರಣ. ಕೆಲಸ ಮುಗಿದ ಮೇಲೆ ತಾನೇ ಸಾಯುವ ಜೀನ್ ಸೇರಿಸಿ ನೋಡುತ್ತಿದ್ದಾರೆ. ಆದರೆ ಕೋಟಿಗೆ ಒಂದು ತಪ್ಪಿಸಿಕೊಂಡರೂ ಅದು ಬೆಳೆಯುತ್ತದೆ. ಅದಕ್ಕೇ ಮುಚ್ಚಿದ ಟ್ಯಾಂಕಿನಲ್ಲಿ, ಕಾರ್ಖಾನೆಯ ಒಳಗೇ, ಇಂಥದ್ದೇ ವಿಷ ಇದೆ ಅಂತ ಗೊತ್ತಿರುವ ಕಡೆ ಬಳಸಲಿ ಅನ್ನುತ್ತೇನೆ. ಕೆರೆಗೆ ಬೇಡ.

ಕೆರೆ ನೀರನ್ನು ನೇರವಾಗಿ ಕುಡಿಯಬೇಡಿ. ಬೋರ್‌ವೆಲ್ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ನೈಟ್ರೇಟ್, ಫ್ಲೋರೈಡ್, ಕೊಳಚೆ ಸೇರಿದೆಯೇ ಅಂತ ತೋರಿಸುವ ಕೋಲಿಫಾರಂ ಬ್ಯಾಕ್ಟೀರಿಯಾ, ಮೂರನ್ನೂ ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಕೋಲಿಫಾರಂ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಹಸುಗೂಸಿಗೆ ಬಾಟಲಿ ಹಾಲು ಕಲಸುವ ನೀರಿಗೆ ಇದನ್ನು ಖಂಡಿತ ನೋಡಿ.

ಬ್ಯಾಕ್ಟೀರಿಯಾಗೆ ಕೊಳಚೆ ವಾಸನೆ ಗೊತ್ತಾಗುತ್ತಾ?
— ಏಳನೇ ತರಗತಿ, ತೀರ್ಥಹಳ್ಳಿ

ಮೂಗಿಲ್ಲ ಪುಟ್ಟಾ, ಆದರೂ ಗೊತ್ತಾಗುತ್ತೆ. ಮೈಮೇಲೆ ರುಚಿ ಹಿಡಿಯುವ ಪ್ರೋಟೀನ್‌ಗಳಿವೆ. ಊಟದ ಕಡೆ ಹೋಗುತ್ತಿದ್ದರೆ ಬಾಲ ತಿರುಗಿಸುತ್ತಾ ನೇರ ಈಜುತ್ತದೆ. ದಾರಿ ತಪ್ಪಿತು ಅನ್ನಿಸಿದರೆ ಒಂದು ಪಲ್ಟಿ ಹೊಡೆದು ಬೇರೆ ದಿಕ್ಕಿಗೆ ಹೋಗುತ್ತದೆ. ನಮಗೆ ಬೇಡವಾದ ನ್ಯಾಫ್ತಲೀನ್ ಕಡೆಗೂ ಕೆಲವು ಸ್ಯೂಡೋಮೊನಾಸ್ ಹೀಗೆ ಹುಡುಕಿಕೊಂಡು ಹೋಗುತ್ತವೆ. ನಿಮ್ಮ ಅಮ್ಮನ ಬೀರುವಿನಲ್ಲಿರುವ ನುಸಿಗುಳಿಗೆಯಲ್ಲೂ ಆ ನ್ಯಾಫ್ತಲೀನ್ ಇರಬಹುದು.

ನಿನ್ನ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನ ಒಂದು ಹನಿ ಗಾಜಿನ ಮೇಲೆ ಹಾಕು. ಬ್ಯಾಕ್ಟೀರಿಯಾ ಸಣ್ಣ ಚುಕ್ಕೆಯ ಹಾಗೆ ಕಾಣಬಹುದು. ದಾರಕ್ಕೆ ಕಟ್ಟಿದ ಗಂಟೆಯ ಹಾಗಿರುವುದು ಕಂಡರೆ ಗಾಜನ್ನು ಮೆಲ್ಲಗೆ ತಟ್ಟಿ ನೋಡು. ಕೈ ಸೋಪಿನಲ್ಲಿ ತೊಳೆದುಕೊಂಡು, ಕಂಡದ್ದನ್ನು ಪೆನ್ಸಿಲ್‌ನಲ್ಲಿ ಬಿಡಿಸಿ ಕಳಿಸು. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.